ಗಂಡಸರ ಹೊಟ್ಟೆಗೆ ಮಾಫಿ ಏಕೆ?

ಗಲ್ಲಾಪೆಟ್ಟಿಗೆ ಮುಂದೆ ಕೂತ ಸಾಹುಕಾರರ ಹೊಟ್ಟೆ ಬಂದರೆ ‘ವ್ಯಾಪಾರ ಚೆನ್ನಾಗಿದೆ’ ಅಂತಾರೆ. ಅವರ ಮಗಳು ನಾಲ್ಕು ಕೆ.ಜಿ. ದಪ್ಪಗಾದರೆ ‘ಗಂಡು ಸಿಗೋದು ಹೇಗಮ್ಮ?’ ಅಂತಾರೆ. ಗಂಡಿಗೊಂದು ಕಲ್ಲು, ಹೆಣ್ಣಿಗೊಂದು ಕಲ್ಲು. ಈ ಮೋಸದ ತೂಕ ಆಪರೇಷನ್ ಟೇಬಲ್ಲಿನವರೆಗೂ ಹೋಗಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಮಿತಿಮೀರಿದೆ. ಗಂಡಸರೇನು ಕಮ್ಮಿಯಿಲ್ಲ, ಸುಮಾರು 31.

ಆದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬರುವವರು ಯಾರು? ಈ ಲೆಕ್ಕ ಬಹುಕಾಲದಿಂದ ಇಟ್ಟಿರುವ ಅಮೆರಿಕದಲ್ಲಿ ಐವರಲ್ಲಿ ನಾಲ್ವರು ಹೆಂಗಸರು. ಬೊಜ್ಜು ಮಾತ್ರ ಅಲ್ಲೂ ಇಬ್ಬರಿಗೂ ಹೆಚ್ಚುಕಮ್ಮಿ ಸಮ. ಗಂಡಸರು ಬರುವುದು ತಡವಾಗಿ. ವಯಸ್ಸು ಏರಿ, ತೂಕ ಇನ್ನೂ ಏರಿ, ಸಕ್ಕರೆ ಕಾಯಿಲೆ, ಬಿ.ಪಿ. ಅಂಟಿಕೊಂಡ ಮೇಲೆ. ಗೊರಕೆಯ ನಡುವೆ ಉಸಿರು ಕಟ್ಟುವ ಕಾಯಿಲೆಯೂ ಇವರಿಗೇ ಹೆಚ್ಚು.

2007ರಲ್ಲಿ ಅಮೆರಿಕದ ವೈದ್ಯರು ಈ ಆಪರೇಷನ್ನಿನ ಅಪಾಯ ಅಳೆಯಲು ಐದು ಅಂಶ ಗುರುತಿಸಿದರು. ವಿಪರೀತ ತೂಕ, ಬಿ.ಪಿ., 45 ದಾಟಿದ ವಯಸ್ಸು, ರಕ್ತ ಹೆಪ್ಪುಗಟ್ಟುವ ಸಂಭವ. ಐದನೆಯದು, ಗಂಡಸಾಗಿರುವುದು! ಗಂಡಸರ ಕೊಬ್ಬು ಕರುಳು, ಲಿವರ್ ಸುತ್ತ ಕೂರುವುದರಿಂದ ವೈದ್ಯರಿಗೆ ಕೈಯಾಡಿಸಲು ಜಾಗ ಕಮ್ಮಿ. ಹಾಗಂತ ಹೆದರಬೇಡಿ. ಪಳಗಿದ ವೈದ್ಯರ ಕೈಯಲ್ಲಿ ಸಾವಿನ ಅಪಾಯ ನೂರಕ್ಕೆ ಒಂದಕ್ಕಿಂತ ಕಮ್ಮಿ.

ಹೆಂಗಸರ ಕಷ್ಟ ಬೇರೆ, ಅದು ಆಪರೇಷನ್ ಆದಮೇಲಿನದು. ಬೈಪಾಸ್ ಮಾಡಿದರೆ ಊಟ ಸಣ್ಣ ಕರುಳಿನ ಮೊದಲ ಭಾಗ ಮುಟ್ಟುವುದೇ ಇಲ್ಲ. ಕಬ್ಬಿಣದಂಶ ಹೀರುವುದು ಮುಖ್ಯವಾಗಿ ಅದೇ ಜಾಗ. ಬಸ್ಸು ಬೈಪಾಸ್ ರಸ್ತೆ ಹಿಡಿದರೆ ಊರೊಳಗಿನ ಸ್ಟಾಪಿನಲ್ಲಿ ಕಾದವರ ಗತಿಯೇನು? ಹಾಗೇ ಇದು. ಮೊದಲೇ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಎನ್ನುತ್ತದೆ ಅದೇ ಸಮೀಕ್ಷೆ. ಮೇಲೆ ತಿಂಗಳು ತಿಂಗಳೂ ಹೋಗುವ ರಕ್ತ. ಆದ್ದರಿಂದ ಮಾತ್ರೆ, ರಕ್ತಪರೀಕ್ಷೆ ಜೀವನಪೂರ್ತಿ ಬಿಡುವಂತಿಲ್ಲ.

ಇನ್ನೊಂದು ಮಾತು. ತೂಕ ಇಳಿದಂತೆ ಮುಟ್ಟು ಸರಿಹೋಗಿ, ಮಕ್ಕಳಾಗದವರಿಗೂ ಗರ್ಭ ನಿಲ್ಲುವುದುಂಟು. ಆದರೆ 12ರಿಂದ 18 ತಿಂಗಳು ಬಸುರಾಗಬೇಡಿ ಅಂತಾರೆ ವೈದ್ಯರು. ಗಂಡನಿಗೂ ಅತ್ತೆಗೂ ಇದು ಮೊದಲೇ ಗೊತ್ತಿರಲಿ.

ಸಾಹುಕಾರರೇ, ಅಂಗಡಿ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುತ್ತೀರಲ್ಲ, ಒಂದು ದಿನ ನೀವೂ ತೂಕದ ಮಿಷನ್ ಹತ್ತಿ. ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ. ದಪ್ಪಗಿರುವವರಿಗೆಲ್ಲ ಆಪರೇಷನ್ ಬೇಕಿಲ್ಲ. ಬೇಕಾದವರು ಮಾತ್ರ ‘ನಂಗೇನಾಗಿದೆ’ ಅಂತ ಹತ್ತು ವರ್ಷ ಕೂರಬಾರದು.