ನಡುಮನೆಯಲ್ಲೊಂದು ‘ರ’

ಅರಸೀಕೆರೆ ಜಂಕ್ಷನ್ನಿನಿಂದ ಹೊರಬಿದ್ದು ಆಟೋಗಳ ಸಾಲು ದಾಟಿದರೆ ಎಡಕ್ಕೊಂದು ಉಡುಪಿ ಹೋಟೆಲು. ಆರೇ ಮೇಜು. ಗಲ್ಲಾದ ಮೇಲೆ ಕೃಷ್ಣನ ಪಟ, ಪಟಕ್ಕೆ ಬೆಳಗಿನ ಮಲ್ಲಿಗೆ, ಅದರ ಕೆಳಗೆ ಚಿಲ್ಲರೆ ಡಬ್ಬಿ. ತಿಂಗಳಿಗೆರಡು ಸಲ ಹಾಸನದಿಂದ ಬಂದು ಇಲ್ಲಿ ಹುಬ್ಬಳ್ಳಿ ಕಡೆಯ ರೈಲಿಗೆ ಕಾಯುವ ನನಗೆ ಆ ಹೋಟೆಲಿನ ಇಡ್ಲಿಯಷ್ಟೇ ಅಲ್ಲಿನ ಪೇಪರೂ ರೂಢಿಯಾಗಿದೆ.

ಬರುವುದು ಒಂದೇ ಪೇಪರು. ಏಳೂವರೆಗೆ ಇಡಿಯಾಗಿರುತ್ತದೆ, ಎಂಟಕ್ಕೆ ನಾಲ್ಕು ಪಾಲು. ಮುಖಪುಟ ಗಲ್ಲಾದ ಭಟ್ಟರಿಗೆ, ಕ್ರಿಕೆಟ್ ಇರುವ ಹಾಳೆ ಬಾಗಿಲ ಬಳಿಯ ಆಟೋದವರಿಗೆ, ಕೊಬ್ಬರಿ ಧಾರಣೆಯ ಪುಟ ತಿಪಟೂರಿಗೆ ಹೊರಟವರಿಗೆ. ಉಳಿದೊಂದು ಹಾಳೆ ಯಾರ ತಕರಾರೂ ಇಲ್ಲದೆ ಮೂಲೆಮೇಜಿಗೆ ಹೋಗುತ್ತದೆ. ಅಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಕೂತಿರುತ್ತಾರೆ. ಹಾಳೆಯನ್ನು ಮಡಿಸಿ, ಮಡಿಸಿ, ಪದಬಂಧವೊಂದೇ ಮೇಲೆ ಕಾಣುವಷ್ಟಕ್ಕೆ ತರುತ್ತಾರೆ. ಮೇಜಿನ ಮೇಲಿನ ನೀರನ್ನು ಮುಂಗೈಯಿಂದ ಒರೆಸುತ್ತಾರೆ. ಜೇಬಿನಲ್ಲಿ ಎರಡು ಆಯುಧ: ಪೆನ್ನು, ಪೆನ್ಸಿಲ್ಲು. ಖಾತ್ರಿಯಾದರೆ ಪೆನ್ನು, ಅನುಮಾನವಿದ್ದರೆ ಪೆನ್ಸಿಲ್ಲು.

ಮೊದಲು ಬರೆಯುವುದಿಲ್ಲ, ಓದುತ್ತಾರೆ. ‘ಎಡದಿಂದ ಬಲಕ್ಕೆ’ ಪೂರ್ತಿ, ಆಮೇಲೆ ‘ಮೇಲಿನಿಂದ ಕೆಳಕ್ಕೆ’ ಪೂರ್ತಿ. ತುಟಿ ಅಲುಗುತ್ತದೆ, ಬೆರಳು ಮೇಜಿನ ಮೇಲೆ ಅಕ್ಷರ ಎಣಿಸುತ್ತದೆ. ಆವರಣದೊಳಗಿನ ಅಂಕಿಯೇ ಅವರಿಗೆ ಅರ್ಧ ಸುಳಿವು. ಕಾಫಿ ಬರುವ ಹೊತ್ತಿಗೆ ಐದಾರು ಪದ ಬಿದ್ದಿರುತ್ತವೆ. ‘ಕೈಯೂ ಹೌದು, ತೆರಿಗೆಯೂ ಹೌದು (2)’ ಎಂದರೆ ‘ಕರ’, ಯೋಚನೆಯೇ ಬೇಡ. ‘ತಿರುಗಿದ ಮಂಗ ಹಾಡುತ್ತಿದೆ (2)’ ಎಂದಿದ್ದಾಗ ಮಾತ್ರ ಮೇಷ್ಟ್ರು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ಕಪಿಯನ್ನು ತಿರುಗಿಸಿದರೆ ಪಿಕ, ಕೋಗಿಲೆ. ‘ಕೋಗಿಲೇನ ಪಿಕ ಅನ್ನೋರು ಇಬ್ಬರೇ ಕಣಯ್ಯ, ಹಳೇ ಕವಿಗಳು, ನಾವು’ ಎಂದು ಸಕ್ಕರೆ ಕಲಕಿದರು.

ಹೀಗೆ ತಿರುಗಿಸುವ ಆಟ ಕನ್ನಡದಲ್ಲಿ ಚೆಂದ ಕೂಡಿಬರುವುದಕ್ಕೆ ಕಾರಣವಿದೆ. ಇಂಗ್ಲಿಷಿನವರ ಒಂದು ಮನೆಗೆ ಒಂದು ಬಿಡಿ ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಮನೆ. ‘ಸ್ತ್ರೀ’ ಎಂದರೆ ಮೂರು ವ್ಯಂಜನ, ಒಂದು ದೀರ್ಘ. ಆದರೂ ಅವಳಿಗೆ ಸಿಗುವುದು ಉಗುರಗಲದ ಒಂದೇ ಚೌಕ. ತಕಾರ ರಕಾರಗಳ ಒತ್ತು ಕೆಳಗಿನ ಮನೆಗೆ ಕಾಲು ಚಾಚದ ಹಾಗೆ ಮೇಷ್ಟ್ರು ಪೆನ್ನನ್ನು ಸೂಜಿಯಂತೆ ಹಿಡಿಯುತ್ತಾರೆ. ಅಕ್ಷರ ಇಡಿಯಾಗಿ ನಿಲ್ಲುವುದರಿಂದಲೇ ನದಿ ತಿರುಗಿದರೆ ದಿನ. ಕಿಟಕಿ ಒಳಗಿನಿಂದ ಓದಿದರೂ ಕಿಟಕಿ, ಹೊರಗಿನಿಂದ ಓದಿದರೂ ಕಿಟಕಿ. ತೆನಾಲಿ ರಾಮಕೃಷ್ಣನ ‘ವಿಕಟಕವಿ’ ಬಿರುದು ಎರಡೂ ಕಡೆಯಿಂದ ನಗುವುದು ಇದೇ ಲೆಕ್ಕದಲ್ಲಿ.

ಪದಬಂಧ ಕಟ್ಟುವವರಿಗೆ ಇದೇ ಪೇಚು. ಇಂಗ್ಲಿಷಿನ ಚೌಕದಲ್ಲಿ ಕೂರಬಹುದಾದ್ದು 26 ಅಕ್ಷರ. ನಮ್ಮ 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೆ ಕಾಗುಣಿತವೇ 442, ಒತ್ತಕ್ಷರ ಬೇರೆ. ‘ಕಾಗೆ’ಯ ‘ಕಾ’ ಮೇಲಿನಿಂದ ಇಳಿಯುವ ‘ಕಮಲ’ಕ್ಕೆ ಒದಗುವುದಿಲ್ಲ. ಎರಡು ಪದ ಒಂದನ್ನೊಂದು ಹಾಯಬೇಕಾದರೆ ಗುಣಿತವೂ ಸೇರಿ ಒಂದೇ ಆಗಬೇಕು. ಅದಕ್ಕೇ ನಮ್ಮ ಪದಬಂಧದಲ್ಲಿ ಕಪ್ಪು ಮನೆ ಹೆಚ್ಚು, ಹಾಯುವ ಮನೆ ಕಡಿಮೆ. ಆ ಕೂಡುದಾರಿಯಲ್ಲಿ ಬಹಳ ಸಲ ನಿಂತಿರುವುದು ತಲಕಟ್ಟಿನ ಬಡಪಾಯಿಗಳೇ: ಕ, ನ, ರ, ವ, ಸ. ಇಷ್ಟು ಇಕ್ಕಟ್ಟಿನಲ್ಲೂ ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಹತ್ತಾರು ಸಾವಿರ ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದರು. ಮೇಷ್ಟ್ರ ಬಾಯಲ್ಲಿ ಆ ಹೆಸರು ಬಂದರೆ ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತದೆ.

ಆಟದ ಹುಟ್ಟು ಮಾತ್ರ ಹೊರಗಿನದು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದಾಕಾರದ ಒಂದು ಬಂಧ ಅಚ್ಚು ಹಾಕಿಸಿದ. ಅವನಿಟ್ಟ ಹೆಸರು ‘ವರ್ಡ್-ಕ್ರಾಸ್’. ಕೆಲವೇ ವಾರಗಳಲ್ಲಿ ಅಚ್ಚಿನ ಮನೆಯಲ್ಲಿ ಪದಗಳು ಅದಲುಬದಲಾಗಿ ‘ಕ್ರಾಸ್-ವರ್ಡ್’ ಆಯಿತು. ಹೆಸರೇ ತಿರುವುಮುರುವಾಗಿ ಬಂದ ಆಟ! ‘ಕ್ರಾಸ್‌ವರ್ಡ್ ಅವರದಿರಬಹುದು, ಬಂಧ ನಮ್ಮದು’ ಎನ್ನುವುದು ಮೇಷ್ಟ್ರ ವಾದ. ಪದ್ಯದ ಅಕ್ಷರಗಳನ್ನು ತಾವರೆಯ ದಳಗಳಲ್ಲಿ, ಚಕ್ರದ ಅರೆಗಳಲ್ಲಿ ಕೂರಿಸಿ ಪದ್ಮಬಂಧ, ಚಕ್ರಬಂಧ ಎಂದು ಹಳೆಯ ಕವಿಗಳು ಆಡಿಲ್ಲವೇ ಎಂದು ಕೇಳುತ್ತಾರೆ. ಭಟ್ಟರು ಗಲ್ಲಾದಿಂದಲೇ ‘ಹೌದು ಮಾರಾಯ್ರೆ’ ಎನ್ನುತ್ತಾರೆ. ಭಟ್ಟರಿಗೆ ಚಿಲ್ಲರೆ ಎಣಿಸುವಾಗ ಯಾವ ವಾದವಾದರೂ ಹೌದು.

ಪದಬಂಧ ಬೇಗ ಮುಗಿದ ದಿನ ಮೇಷ್ಟ್ರು ಸುಮ್ಮನಿರುವುದಿಲ್ಲ. ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ಯಾವ ಊರು ಕೇಳಿದರೆ ಅದಕ್ಕೊಂದು ಸುಳಿವು ಹೊಸೆಯುತ್ತಾರೆ. ‘ದೇಹದ ಪಕ್ಕ ಮನೆಮಾಡು, ಅರಮನೆ ನೋಡು (3)’ ಎಂದರೆ ಮೈ, ಸೂರು: ಮೈಸೂರು. ‘ಅರಸನ ತುಣುಕು (4)’ ಎಂದರೆ ರಾಯಚೂರು. ‘ಒಗೆದ ಬಟ್ಟೆಯವರ ಬೀದಿ (4)’, ಮಡಿಕೇರಿ. ಅಲ್ಲಿಗೆ ರೈಲೇ ಇಲ್ಲವಲ್ಲ ಎಂದರೆ ‘ಸುಳಿವಿಗೆ ಟಿಕೆಟ್ ಬೇಡ’ ಎನ್ನುತ್ತಾರೆ. ‘ಸಿಂಹಾಸನದ ತಲೆ ಹಾರಿದರೆ ಉಳಿಯುವ ಜಿಲ್ಲೆ (3)’ ನಾನು ಬಂದ ಹಾಸನವೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹಳಿಗಳು ಕೂಡುವ ಅವರ ಊರಿಗೆ ಮಾತ್ರ ‘ರಾಣಿಯ ನೀರಿನ ದಡದಲ್ಲಿ ರೈಲು ಬದಲಿಸು (5)’ ಎಂಬ ಮರ್ಯಾದೆಯ ಸುಳಿವು. ಪಕ್ಕದ ಮೇಜಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ರೈಲ್ವೆ ನೌಕರರು ಗದಗದವರು. ‘ನಮ್ಮೂರ್ನೂ ಹೇಳ್ರಿ ಸರ. ಆ ಕಡಿಂದ ಬಂದ್ರೂ ಅದ, ಈ ಕಡಿಂದ ಬಂದ್ರೂ ಅದ’ ಎಂದರು. ಮೇಷ್ಟ್ರು ಒಂದು ಗಳಿಗೆ ಬೆರಳು ಮಡಿಸಿ, ‘ಭೇಷ್’ ಅಂದರು.

ಇಂಥ ಮೇಷ್ಟ್ರು ಸಿಕ್ಕಿಬಿದ್ದದ್ದು ಹದಿನಾಲ್ಕನೆಯ ಸುಳಿವಿನಲ್ಲಿ. ಎಡದಿಂದ ಬಲಕ್ಕೆ: ‘ಕಸ ಗುಡಿಸುವ ಸಾಧನ (3)’.

ಎಂಥ ಸುಲಭ! ಸುಲಭವೆಂದೇ ಕೊನೆಗೆ ಬಿಟ್ಟಿದ್ದರು. ‘ಹಿಡಿಸೂಡಿ’ ಎಂದರು ಭಟ್ಟರು, ನೋಟು ಮಡಿಸುತ್ತಾ. ಮೇಷ್ಟ್ರು ನಾಲ್ಕು ಬೆರಳು ತೋರಿಸಿದರು: ಒಂದು ಅಕ್ಷರ ಹೆಚ್ಚಾಯಿತು. ‘ನಮ್ಮ ಕಡೆ ಕಸಬರಿಗಿ ಅಂತೀವ್ರಿ’ ಎಂದರು ಗದಗದವರು. ಐದು ಬೆರಳು, ಇಡೀ ಅಂಗೈ. ‘ಪೊರಕೆ ಇರಬೇಕು’ ಎಂದೆ ನಾನು. ಮೂರು, ಸರಿಹೋಯಿತು. ಮೇಷ್ಟ್ರು ಪೆನ್ನಿನ ಟೋಪಿ ತೆಗೆದವರು ಮತ್ತೆ ಹಾಕಿದರು. ‘ನಮ್ಮ ಮನೇಲಿ ಬರಲು ಅಂತಿದ್ರು. ಅದೂ ಮೂರೇ.’

ಹಾಯುವ ಪದ ಹೇಳುತ್ತದೆ ಎಂದು ಎಲ್ಲರೂ ಬಗ್ಗಿದೆವು. ಹಾಯುತ್ತಿದ್ದದ್ದು ಒಂದೇ ಪದ, ನಡುಮನೆಯಲ್ಲಿ. ಮೇಲಿನಿಂದ ಕೆಳಕ್ಕೆ: ‘ಪ್ರಶ್ನೆ ಬಯಸುವ ದಿಕ್ಕು, ವಿರಾಟನ ಮಗ (3)’. ‘ಉತ್ತರ’ ಎಂದು ಮೇಷ್ಟ್ರು ಆಗಲೇ ಪೆನ್ನಿನಲ್ಲಿ ಬರೆದಾಗಿತ್ತು. ಅದರ ಕೊನೆಯ ‘ರ’ ನಡುಮನೆಯಲ್ಲಿ ನೆಟ್ಟಗೆ ಕೂತಿತ್ತು. ಪೊರಕೆಯ ನಡುವೆಯೂ ರ, ಬರಲಿನ ನಡುವೆಯೂ ರ. ಉತ್ತರವೇ ಬಂದು ನಿಂತರೂ ಉತ್ತರ ಸಿಗಲಿಲ್ಲ.

ಒಂದು ನಿಮಿಷ ಹೋಟೆಲು ನಿಂತಂತೆ ಆಯಿತು. ಒಂದು ಕಸ ಗುಡಿಸುವ ಕಡ್ಡಿಕಟ್ಟಿಗೆ ನಾಲ್ವರು ನಾಲ್ಕು ಹೆಸರು ಹಿಡಿದು ಕೂತಿದ್ದೆವು. ನಾಲ್ಕೂ ಕನ್ನಡವೇ. ಚೌಕದಲ್ಲಿ ಮಾತ್ರ ಮೂರೇ ಮನೆ.

ಅಷ್ಟರಲ್ಲಿ ಅದೇ ಸಾಧನ ಮೇಜಿನಡಿಯಿಂದ ಬಂತು. ತೆಂಗಿನ ಗರಿಯ ಕಡ್ಡಿಯದು, ಬುಡಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ತುದಿ ಒಂದು ಕಡೆಗೆ ಸವೆದಿತ್ತು. ಹಿಡಿದಿದ್ದವಳು ಹೋಟೆಲಿನಲ್ಲಿ ಕಸ ಮುಸುರೆ ನೋಡಿಕೊಳ್ಳುವ ಹೆಂಗಸು. ‘ಅಕ್ಕಾ, ನಿನ್ನ ಕೈಲಿರೋದು ಏನು?’ ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ ಕೇಳಿದರು. ಅವಳು ಮೇಷ್ಟ್ರನ್ನೊಮ್ಮೆ, ಕೈಯನ್ನೊಮ್ಮೆ ನೋಡಿದಳು.

‘ಬರ್ಲು. ಕಾಲ್ ಎತ್ತಿ ಸಾ, ಗುಡಿಸ್ಬೇಕು.’

ನಾವೆಲ್ಲ ಕಾಲೆತ್ತಿದೆವು. ಕಾಲೆತ್ತಿಕೊಂಡೇ ಮೇಷ್ಟ್ರು ಪೆನ್ನಿನಲ್ಲಿ ಬರೆದರು.

ಮರುದಿನ ಹುಬ್ಬಳ್ಳಿಯಲ್ಲಿ ಅದೇ ಪೇಪರು ಕೊಂಡು ಮೊದಲು ತೆರೆದದ್ದು ‘ನಿನ್ನೆಯ ಉತ್ತರ’. ಅಂಗೈಯ ಕಾಲುಭಾಗದಷ್ಟು ಚೌಕ, ಕನ್ನಡಕ ಏರಿಸಿ ಓದಬೇಕಾದ ಅಕ್ಷರ. ಹದಿನಾಲ್ಕರಲ್ಲಿ ಪೊರಕೆ ಎಂದಿತ್ತು.

ಮುಂದಿನ ಸಲ ಹೋದಾಗ, ಇಡ್ಲಿ ಹೇಳುವ ಮುಂಚೆಯೇ ಕೇಳಿದೆ: ‘ಮೇಷ್ಟ್ರೇ, ಅವತ್ತಿನದನ್ನ ತಿದ್ದಿದಿರೋ ಇಲ್ಲವೋ?’

ಅವರು ಹೊಸ ಹಾಳೆ ಮಡಿಸುವುದರಲ್ಲಿದ್ದರು. ಮುಂಗೈಯಿಂದ ಮೇಜಿನ ನೀರು ಒರೆಸಿದರು. ‘ತಿದ್ದೋದೇನು ಬಂತು?’ ಎಂದರು. ‘ನಡುಮನೆ ಸರಿಯಾಗೇ ಇತ್ತಲ್ಲ.’