ಎನ್‌ಕ್ವೈರಿಯಿಂದ ನಂಬರ್ ಪ್ಲೇಟಿನವರೆಗೆ

ಮಂಗಳೂರಿನ ಹಂಪನಕಟ್ಟೆ ಸಿಗ್ನಲ್ಲಿನ ಮೇಲೆ ಕೈವಾರದ ಮುಳ್ಳಿಟ್ಟು 25 ಕಿಲೋಮೀಟರಿನ ಒಂದು ವೃತ್ತ ಎಳೆಯಿರಿ. ಅರ್ಧಕ್ಕೆ ತುಸು ಕಡಿಮೆ ಭಾಗ ಅರಬ್ಬೀ ಸಮುದ್ರದ ಪಾಲು. ದಕ್ಷಿಣದಲ್ಲಿ ಅದು ನೇತ್ರಾವತಿ ದಾಟಿ, ತಲಪಾಡಿಯ ಕೇರಳ ಗಡಿಯನ್ನೂ ದಾಟಿ ಮಂಜೇಶ್ವರವನ್ನು ಒಳಗೆ ಹಾಕಿಕೊಳ್ಳುತ್ತದೆ. ಪೂರ್ವದಲ್ಲಿ ಬಿ.ಸಿ. ರೋಡ್ ದಾಟಿ ಸ್ವಲ್ಪದರಲ್ಲೇ ನಿಲ್ಲುತ್ತದೆ. ಪುತ್ತೂರು, ಬೆಳ್ತಂಗಡಿ, ಸುಳ್ಯ ಹೊರಗೇ ಉಳಿಯುತ್ತವೆ. ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಕಾರಿನ ಜಾಹೀರಾತು ಕೊಡುವಾಗ ಮಾಡುವ ಮೊದಲ ಕೆಲಸ ಹೆಚ್ಚಾಗಿ ಈ ವೃತ್ತ ಎಳೆಯುವುದೇ. ಬಯಲುಸೀಮೆಯ ಊರಿಗೆ ಅದು ಸರಿಹೊಂದೀತು, ಕರಾವಳಿಗೆ ಹೊಂದದು.

ಸಮುದ್ರದಿಂದ ನಷ್ಟವಿಲ್ಲ, ಮೀನುಗಳು ಜಾಹೀರಾತು ಒತ್ತುವುದಿಲ್ಲ. ನಷ್ಟ ಇರುವುದು ತಲಪಾಡಿಯ ಆಚೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ ಬೆಲೆ ನೋಡಿಕೊಂಡು ಶೇ 13ರಿಂದ ಶೇ 18ರವರೆಗೆ ಏರುತ್ತದೆ, ಅದರ ಮೇಲೆ ಸೆಸ್ ಬೇರೆ. ಕೇರಳದ ಲೆಕ್ಕವೇ ಬೇರೆ. ನೀವು ಕೆಎ 19ರ ಆನ್‌ರೋಡ್ ಬೆಲೆ ದಪ್ಪಕ್ಷರದಲ್ಲಿ ಹಾಕಿದ್ದೀರಿ, ಅದನ್ನು ನೋಡುತ್ತಿರುವವರಿಗೆ ಬೇಕಾದದ್ದು ಕಾಸರಗೋಡಿನ ಕೆಎಲ್ 14. ಅವರು ಒಮ್ಮೆ ಕೇಳುತ್ತಾರೆ, ಲೆಕ್ಕ ತಾಳೆಯಾಗುವುದಿಲ್ಲ, ಮಾಯವಾಗುತ್ತಾರೆ. ಆದ್ದರಿಂದ ವೃತ್ತ ಬಿಟ್ಟು ಪಿನ್‌ಕೋಡ್ ಅಥವಾ ಊರಿನ ಹೆಸರಿನಿಂದ ಪ್ರದೇಶ ಆರಿಸಬೇಕು. ಕಾಸರಗೋಡಿನ ಕಡೆಗೆ ಎಕ್ಸ್‌ಶೋರೂಮ್ ಬೆಲೆ ಮಾತ್ರ ಹೇಳುವ ಪ್ರತ್ಯೇಕ ಜಾಹೀರಾತು ಇರಬೇಕು. ಗೂಗಲ್ ಜಾಹೀರಾತಿನಲ್ಲಿ ಇನ್ನೊಂದು ಆಯ್ಕೆಯಿದೆ: ಆ ಊರಿನಲ್ಲಿ ಇರುವವರಿಗೆ ಮಾತ್ರ ತೋರಿಸಬೇಕೋ, ಆ ಊರಿನ ಬಗ್ಗೆ ಆಸಕ್ತಿ ಇರುವವರಿಗೂ ತೋರಿಸಬೇಕೋ ಎಂದು. ಬೇರೆ ಕಡೆ ಎರಡನೆಯದನ್ನು ದುಡ್ಡು ದಂಡವೆಂದು ತೆಗೆದುಹಾಕುತ್ತಾರೆ. ಮಂಗಳೂರಿನಲ್ಲಿ ಸ್ವಲ್ಪ ಯೋಚಿಸಬೇಕು. ದುಬೈಯಲ್ಲೋ ದಮ್ಮಾಮಿನಲ್ಲೋ ಕುಳಿತು ಊರಿನ ಮನೆಗೆ ಗಾಡಿ ಹುಡುಕುವ ಮಗ ಸಿಗುವುದು ಆ ಎರಡನೆಯ ಆಯ್ಕೆಯಲ್ಲೇ.

ಗೂಗಲ್ ನಕ್ಷೆಯಲ್ಲಿನ ಬಿಸಿನೆಸ್ ಪ್ರೊಫೈಲಿಗೆ ಹಣ ಕೊಡಬೇಕಿಲ್ಲ, ಆದರೂ ಅದನ್ನು ಸರಿಯಾಗಿ ಇಟ್ಟುಕೊಂಡವರು ಕಡಿಮೆ. ಒನ್‌ವೇಗಳ ನಡುವೆ ಇರುವ ಅಂಗಡಿ ಪಿನ್ನನ್ನು ಕಟ್ಟಡದ ಮೇಲೆ ಇಡಬಾರದು, ಕಾರು ಒಳಗೆ ಬರುವ ಗೇಟಿನ ಮೇಲೆ ಇಡಬೇಕು. ಒಂದು ತಿರುವು ತಪ್ಪಿದರೆ ಗಿರಾಕಿ ಮತ್ತೊಂದು ಸುತ್ತು ಹಾಕಬೇಕು, ಆ ಸುತ್ತಿನಲ್ಲಿ ಬೇರೆ ಶೋರೂಮ್ ಕಣ್ಣಿಗೆ ಬಿದ್ದರೂ ಬಿತ್ತು. ಮಾರಾಟಕ್ಕೂ ಸರ್ವಿಸಿಗೂ ಬೇರೆ ಬೇರೆ ಪ್ರೊಫೈಲ್ ಇರುವುದು ಒಳ್ಳೆಯದು. ಆಯಿಲ್ ಬದಲಾಯಿಸಲು ತಡವಾಯಿತೆಂದು ಬರೆದ ಸಿಟ್ಟು ಹೊಸ ಕಾರು ಕೊಳ್ಳುವವರ ಕಣ್ಣಿಗೇಕೆ ಬೀಳಬೇಕು?

ಇನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಲೀಡ್ ಫಾರ್ಮ್. ಹೆಸರು, ಫೋನ್ ನಂಬರ್ ತಾವಾಗಿಯೇ ತುಂಬಿಕೊಳ್ಳುತ್ತವೆ, ನೋಡುವವರು ಒಂದೆರಡು ಸಲ ಬೆರಳಿಟ್ಟರೆ ಮುಗಿಯಿತು. ಎನ್‌ಕ್ವೈರಿ ಅಗ್ಗವಾಗಿ ಸಿಗುವುದು ಇದರಿಂದಲೇ. ಫೋನ್ ಮಾಡಿದಾಗ "ನಾನು ಕೇಳಲೇ ಇಲ್ಲವಲ್ಲ ಮಾರಾಯ್ರೆ" ಎಂಬ ಉತ್ತರ ಸಿಗುವುದೂ ಇದರಿಂದಲೇ. ಫಾರ್ಮನ್ನು ಬೇಕೆಂದೇ ಸ್ವಲ್ಪ ಕಷ್ಟ ಮಾಡಬೇಕು: ಗಾಡಿ ಯಾವ ತಿಂಗಳಿಗೆ ಬೇಕು, ಎಕ್ಸ್‌ಚೇಂಜ್‌ಗೆ ಹಳೆ ಗಾಡಿ ಇದೆಯೇ ಎಂಬೆರಡು ಪ್ರಶ್ನೆಗೆ ಕೈಯಾರೆ ಉತ್ತರ ಬರೆಸಬೇಕು. ಎನ್‌ಕ್ವೈರಿ ಕಡಿಮೆಯಾಗುತ್ತದೆ, ಜಾಹೀರಾತು ಏಜೆನ್ಸಿ ಗೊಣಗುತ್ತದೆ. ಅದರ ತಿಂಗಳ ವರದಿ ನಿಂತಿರುವುದೇ ಎನ್‌ಕ್ವೈರಿಗಳ ಎಣಿಕೆಯ ಮೇಲೆ. ಗೊಣಗಲಿ. ಇನ್ನೊಂದು ವಿಷಯ: ಫಾರ್ಮಿಗೆ ಬಂದ ವಿವರವನ್ನು 90 ದಿನದೊಳಗೆ ಇಳಿಸಿಕೊಳ್ಳದಿದ್ದರೆ ಮತ್ತೆ ಸಿಗುವುದಿಲ್ಲ. ದಿನಕ್ಕೊಮ್ಮೆ ಫೈಲ್ ಇಳಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಪದ್ಧತಿ ಇರುವ ಕಡೆ, ರಾತ್ರಿ ಹತ್ತಕ್ಕೆ ಕೇಳಿದವರಿಗೆ ಕರೆ ಹೋಗುವುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಅವರು ಬೇರೆ ಮೂರು ಕಡೆ ಕೇಳಿಯಾಗಿರುತ್ತದೆ. ಫಾರ್ಮನ್ನು ನೇರವಾಗಿ ಗಿರಾಕಿಗಳ ವಿವರ ಇಡುವ ಸಿಆರ್‌ಎಂ ಸಾಫ್ಟ್‌ವೇರಿಗೆ ಜೋಡಿಸಿದರೆ ಒತ್ತಿದ ಕ್ಷಣಕ್ಕೆ ಒಬ್ಬ ಸೇಲ್ಸ್‌ನವರ ಫೋನಿನಲ್ಲಿ ಗಂಟೆ ಬಾರಿಸುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆ. ಉಚಿತವಾದ ಬಿಸಿನೆಸ್ ಆ್ಯಪ್ ಸಣ್ಣ ಅಂಗಡಿಗೆ ಧಾರಾಳ ಸಾಕು. ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ದೊಡ್ಡ ಶೋರೂಮುಗಳು ಹಣ ಕೊಟ್ಟು ಬಳಸುವ ಬಗೆಯಲ್ಲಿ ಗಿರಾಕಿ ಸಂದೇಶ ಕಳಿಸಿದ 24 ಗಂಟೆಯೊಳಗೆ ಮಾತ್ರ ಮನಬಂದಂತೆ ಉತ್ತರಿಸಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶವನ್ನೇ ಕಳಿಸಬೇಕು, ಅದಕ್ಕೆ ಶುಲ್ಕ.

ಈಗ ಒಳಮನೆಗೆ ಬರೋಣ. ಶೋರೂಮಿನ ಬೆನ್ನೆಲುಬು ಡಿಎಂಎಸ್, ಅಂದರೆ ಡೀಲರ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಇದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಡೀಲರಿಗಿಲ್ಲ, ಕಾರು ತಯಾರಿಸುವ ಕಂಪನಿ ಕೊಟ್ಟದ್ದನ್ನೇ ಬಳಸಬೇಕು. ಟಾಟಾ ಮೋಟರ್ಸ್ ಸೀಬೆಲ್ ಎಂಬ ತಂತ್ರಾಂಶದ ಮೇಲೆ ತನ್ನದನ್ನು ಕಟ್ಟಿಕೊಂಡಿತು, ಹ್ಯುಂಡೈನದಕ್ಕೆ ಜಿಡಿಎಂಎಸ್ ಎಂದು ಹೆಸರು. ಎನ್‌ಕ್ವೈರಿ, ಟೆಸ್ಟ್ ಡ್ರೈವ್, ಬುಕಿಂಗ್, ಚಾಸಿಸ್ ನಂಬರಿನ ಹಂಚಿಕೆ, ಬಿಲ್, ಡೆಲಿವರಿ, ಆಮೇಲಿನ ಸರ್ವಿಸ್, ಬಿಡಿಭಾಗ ಎಲ್ಲವೂ ಅದರಲ್ಲೇ. ಕಂಪನಿಗೆ ಬೇಕಾದ ಲೆಕ್ಕ ಅದರಲ್ಲಿ ಚೆನ್ನಾಗಿ ಸಿಗುತ್ತದೆ, ಡೀಲರಿಗೆ ಬೇಕಾದದ್ದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಮಾಲೀಕರು ತಮ್ಮದೇ ಸಿಆರ್‌ಎಂ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಲೆಕ್ಕಪತ್ರಕ್ಕೆ ಟ್ಯಾಲಿ ಬೇರೆ. ಒಂದೇ ಗಿರಾಕಿಯ ವಿವರವನ್ನು ಎರಡು ಮೂರು ಕಡೆ ಬರೆಯಬೇಕಾದಾಗ ಹುಡುಗರು ಏನು ಮಾಡುತ್ತಾರೆ? ಕೊಳ್ಳುವುದು ಖಚಿತವಾದವರ ವಿವರ ಮಾತ್ರ ಬರೆಯುತ್ತಾರೆ.

ನನ್ನ ಪ್ರಕಾರ ಇಡೀ ವ್ಯವಸ್ಥೆ ಸೋರುವುದು ಈ ಜಾಗದಲ್ಲಿ. ಭಾನುವಾರ ಸಂಜೆ ಕುಟುಂಬವೊಂದು ಶೋರೂಮಿಗೆ ಬಂದಿತೆನ್ನಿ. ಅವರು ವಾರದ ಹಿಂದೆ ಇನ್‌ಸ್ಟಾಗ್ರಾಮಿನಲ್ಲಿ ರೀಲ್ ನೋಡಿದ್ದರು, ಆಮೇಲೆ ಕಾರ್‌ವಾಲೆ ಜಾಲತಾಣದಲ್ಲಿ ಬೆಲೆ ಹೋಲಿಸಿದ್ದರು, ಕಂಪನಿಯ ವೆಬ್‌ಸೈಟಿನಲ್ಲೂ ನಂಬರ್ ಕೊಟ್ಟಿದ್ದರು. ಎದುರು ಸಿಕ್ಕ ಸೇಲ್ಸ್‌ನವರು ಅವರನ್ನು ಲೆಕ್ಕಕ್ಕೆ ಸೇರಿಸುವುದು ಹತ್ತು ದಿನದ ಮೇಲೆ, ಬುಕಿಂಗ್ ಹಣ ಕಟ್ಟಿದಾಗ, 'ವಾಕ್-ಇನ್' ಎಂದು, ಅಂದರೆ ತಾವಾಗಿಯೇ ಬಂದವರೆಂದು. ಆ ತಿಂಗಳ ವರದಿಯಲ್ಲಿ ಜಾಹೀರಾತಿನಿಂದ ಬಂದ ಬುಕಿಂಗ್ ಸೊನ್ನೆ, ವಾಕ್-ಇನ್ ಬಂದವರೆಲ್ಲ ಕಾರು ಕೊಂಡವರೇ. ಮಾಲೀಕರು ಜಾಹೀರಾತು ನಿಲ್ಲಿಸುತ್ತಾರೆ. ಎರಡು ತಿಂಗಳ ಮೇಲೆ ವಾಕ್-ಇನ್ ಏಕೆ ಇಳಿಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಮದ್ದು ಫೋನ್ ನಂಬರ್. ಬಾಗಿಲಲ್ಲೇ ರಿಸೆಪ್ಷನ್‌ನವರು ನಂಬರ್ ಕೇಳಿ ಹಾಕಿದರೆ ಸಿಆರ್‌ಎಂ ಹಳೆಯ ಮೂರು ಎನ್‌ಕ್ವೈರಿಗಳನ್ನು ಹುಡುಕಿ ಒಂದೇ ದಾರಕ್ಕೆ ಪೋಣಿಸುತ್ತದೆ. ಆದರೆ ನಮ್ಮೂರಿನಲ್ಲಿ ಅದಕ್ಕೂ ಒಂದು ತೊಡಕು. ಫಾರ್ಮ್ ತುಂಬಿದ್ದು ಗಲ್ಫ್‌ನಲ್ಲಿರುವ ಗಂಡ, 971ರಿಂದ ಶುರುವಾಗುವ ನಂಬರಿನಲ್ಲಿ. ಗಾಡಿ ನೋಡಲು ಬರುವುದು ಹೆಂಡತಿ ಮತ್ತು ಮಾವ. ಆರ್‌ಸಿ ಆಗುವುದು ಯಾರ ಹೆಸರಿಗೋ. ವಾಟ್ಸ್‌ಆ್ಯಪ್ ನಂಬರಿಗೆ, ಕರೆಯ ನಂಬರಿಗೆ, ಒಟಿಪಿ ಬರುವ ನಂಬರಿಗೆ ಬೇರೆ ಬೇರೆ ಕಾಲಂ ಇಲ್ಲದ ಸಾಫ್ಟ್‌ವೇರನ್ನು ಮಂಗಳೂರಿನಲ್ಲಿ ಕೊಳ್ಳಬೇಡಿ. ಮಾರಲು ಬಂದವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬುಕಿಂಗ್ ಆದ ಮೇಲೆ ಆ ಸುದ್ದಿಯನ್ನು ಗೂಗಲ್ಲಿಗೂ ಫೇಸ್‌ಬುಕ್ಕಿಗೂ ಹಿಂದಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ನಂಬರನ್ನು ಗುರುತು ಸಿಗದ ಸಂಕೇತಕ್ಕೆ ಬದಲಿಸಿ ಕಳಿಸುತ್ತಾರೆ. ಯಾವ ಜಾಹೀರಾತು ಒತ್ತಿದವರು ನಿಜಕ್ಕೂ ಕೊಂಡರು ಎಂದು ಅಲ್ಲಿನ ಯಂತ್ರ ಕಲಿಯುತ್ತದೆ. ಇದನ್ನು ಮಾಡದಿದ್ದರೆ ಅದು ಫಾರ್ಮ್ ತುಂಬುವ ಚಟದವರನ್ನೇ ಹುಡುಕಿ ಹುಡುಕಿ ತರುತ್ತದೆ.

ಬೆಲೆಪಟ್ಟಿ ಸಾಫ್ಟ್‌ವೇರಿನಲ್ಲಿ ಒಂದೇ ಕಡೆ ಇರಬೇಕೆಂಬುದು 2025ರ ಸೆಪ್ಟೆಂಬರ್ 22ರಂದು ಎಲ್ಲರಿಗೂ ಅರ್ಥವಾಯಿತು. ಅಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು, ದೊಡ್ಡವಕ್ಕೆ ಸೆಸ್ ಹೋಗಿ ಶೇ 40 ಆಯಿತು. ಎಕ್ಸ್‌ಶೋರೂಮ್ ಬೆಲೆ ಬದಲಾದರೆ ಅದರ ಮೇಲಿನ ಆಜೀವ ತೆರಿಗೆ ಬದಲಾಗುತ್ತದೆ, ವಿಮೆಯ ಕಂತು ಬದಲಾಗುತ್ತದೆ, ಬೆಲೆ 10 ಲಕ್ಷದಿಂದ ಕೆಳಗಿಳಿದರೆ ಡೀಲರು ವಸೂಲಿ ಮಾಡುವ ಶೇ 1ರ ಟಿಸಿಎಸ್ ತೆರಿಗೆ ಬಿಟ್ಟುಹೋಗುತ್ತದೆ. ಸೇಲ್ಸ್‌ನವರು ಫೋನಿನಲ್ಲಿ ಉಳಿಸಿಕೊಂಡ ಹಳೆಯ ಪಿಡಿಎಫ್ ಕಳಿಸಿದರೆ ಜಗಳ ಖಂಡಿತ.

ಸ್ಟಾಕಿನದು ಬಡ್ಡಿಯ ಮಾತು. ಪೇಟೆಯ ನಡುವೆ ನಾಲ್ಕೈದು ಕಾರು ನಿಲ್ಲಿಸಲು ಜಾಗ, ಉಳಿದವು ದೂರದ ಯಾರ್ಡಿನಲ್ಲಿ, ಮಳೆಯಲ್ಲಿ. ಎಲ್ಲವೂ ಬ್ಯಾಂಕಿನ ಸಾಲದ ಮೇಲೆ ಬಂದವು. ಡೀಲರುಗಳ ಒಕ್ಕೂಟ ಫಾಡಾ 21 ದಿನದ ಸ್ಟಾಕ್ ಸಾಕು ಎನ್ನುತ್ತದೆ. 2024ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಅದು 80 ದಿನ ಮುಟ್ಟಿತ್ತು. ಯಾವ ಬಣ್ಣದ ಯಾವ ಮಾದರಿ ಎಷ್ಟು ದಿನದಿಂದ ನಿಂತಿದೆ ಎಂದು ಡಿಎಂಎಸ್ ದಿನವೂ ತೋರಿಸುತ್ತದೆ. ಆ ಪಟ್ಟಿ ಜಾಹೀರಾತು ಬರೆಯುವವರ ಕೈಗೆ ಹೋಗದಿರುವುದು ಸೋಜಿಗ. ಯಾರ್ಡಿನಲ್ಲಿ ಬೂದು ಬಣ್ಣದವು ನಿಂತಿರುತ್ತವೆ, ರೀಲ್‌ನಲ್ಲಿ ಕೆಂಪು ಬಣ್ಣದ್ದು ಓಡುತ್ತದೆ. ತುಳುವರ ಆಟಿ ತಿಂಗಳಲ್ಲಿ ಹೊಸ ಗಾಡಿ ಮನೆಗೆ ತರಲು ಹಿಂಜರಿಯುವವರು ಇಲ್ಲಿ ಈಗಲೂ ಬಹಳ. ಆಗ ಡೆಲಿವರಿಯ ಆಸೆ ಬಿಟ್ಟು ಟೆಸ್ಟ್ ಡ್ರೈವ್‌ಗೆ, ಚೌತಿಗೆ ಗಾಡಿ ಬೇಕೆನ್ನುವವರ ಬುಕಿಂಗಿಗೆ ಜಾಹೀರಾತಿನ ಹಣ ಹಾಕುವುದು ಜಾಣತನ.

ಕೊನೆಯ ಮೆಟ್ಟಿಲು ಸರ್ಕಾರದ ವಾಹನ್ ಜಾಲತಾಣ. ಪೂರ್ತಿ ತಯಾರಾಗಿ ಬಂದ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ಯಬೇಕಿಲ್ಲ. ಡೀಲರೇ ದಾಖಲೆ ಏರಿಸಿ, ತೆರಿಗೆ ಕಟ್ಟಿ, ನಂಬರ್ ಪಡೆದು, 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಅತಿ ಸುರಕ್ಷಿತ ಪ್ಲೇಟ್ ಕೂರಿಸಿ ಕೊಡುತ್ತಾರೆ. ಇಲ್ಲಿ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಡಿಸೋಜ ಆಧಾರ್‌ನಲ್ಲಿ ಒಂದು ಬಗೆ, ಪ್ಯಾನ್‌ನಲ್ಲಿ ಮೇಲೊಂದು ಅಲ್ಪವಿರಾಮದ ಚಿಹ್ನೆಯೊಡನೆ, ಬ್ಯಾಂಕ್ ಸಾಲದ ಪತ್ರದಲ್ಲಿ ನಡುವೆ ಜಾಗ ಬಿಟ್ಟು. ಮೊಹಮ್ಮದ್‌ಗೆ ಇನ್ನೂ ಹೆಚ್ಚು ಕಾಗುಣಿತ. ಬುಕಿಂಗ್ ದಿನವೇ ಆಧಾರ್ ನೋಡಿ ಅಕ್ಷರ ಸರಿಪಡಿಸಿಕೊಂಡರೆ, ಪೂಜೆಗೆ ಕಟೀಲು ದೇವಸ್ಥಾನದಲ್ಲಿ ಹೊತ್ತು ಗೊತ್ತು ಮಾಡಿದವರು ಶೋರೂಮಿನಲ್ಲಿ ಕಾಯುವುದು ತಪ್ಪುತ್ತದೆ. ಇದೇ ವಾಹನ್‌ನ ಅಂಕಿಅಂಶ ಪುಟ ಎಲ್ಲರಿಗೂ ತೆರೆದಿದೆ: ಯಾವ ಆರ್‌ಟಿಒದಲ್ಲಿ ಯಾವ ಕಂಪನಿಯ ಎಷ್ಟು ವಾಹನ ನೋಂದಣಿಯಾದವು ಎಂದು ತಿಂಗಳುವಾರು ನೋಡಬಹುದು. ಕೆಎ 19ರ ಸಾಲನ್ನೂ ಪುತ್ತೂರಿನ ಕೆಎ 21ರ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಂದಿನ ತಿಂಗಳ ಜಾಹೀರಾತು ಎಲ್ಲಿಗೆ ಎಂಬುದು ತಿಳಿಯುತ್ತದೆ, ಏಜೆನ್ಸಿಯ ಬಣ್ಣದ ಸ್ಲೈಡ್ ಬೇಕಿಲ್ಲ.

ಕಾನೂನಿನ ಮಾತು ಚುಟುಕಾಗಿ. ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಗಿರಾಕಿಗಳ ಪಟ್ಟಿಯನ್ನು ಫೈನಾನ್ಸ್‌ನವರಿಗೋ ವಿಮೆಯವರಿಗೋ ಸ್ನೇಹಕ್ಕೆ ದಾಟಿಸುವ ರೂಢಿ ಅಪಾಯದ್ದು.

ಸೆಕೆಂಡ್‌ಹ್ಯಾಂಡ್ ಕಾರಿನ ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಬೇಡ. ಒಂದು ಗೂಗಲ್ ಶೀಟ್, ವಾಟ್ಸ್‌ಆ್ಯಪ್ ಬಿಸಿನೆಸ್, ಓಎಲ್‌ಎಕ್ಸ್, ಒಂದು ಇನ್‌ಸ್ಟಾಗ್ರಾಮ್ ಖಾತೆ ಸಾಕು. ಶೀಟಿನಲ್ಲಿ ಏಳೆಂಟು ಕಾಲಂ: ನೋಂದಣಿ ಸಂಖ್ಯೆ, ಕೊಂಡ ದಿನ, ಕೊಂಡ ಬೆಲೆ, ಮಾಡಿಸಿದ ಖರ್ಚು, ವಿಮೆ ಮುಗಿಯುವ ದಿನ, ಸಾಲದ ಹೊರೆ ಇದೆಯೇ, ಕೇಳಿದವರ ನಂಬರ್, ಮಾರಿದ ಬೆಲೆ. ಕೊನೆಯ ಕಾಲಂ ತುಂಬಿದ ದಿನವೇ ಓಎಲ್‌ಎಕ್ಸ್‌ನಿಂದ ಫೋಟೊ ತೆಗೆಯಬೇಕು. ಮಾರಿಹೋದ ಗಾಡಿಯ ಫೋಟೊ ತೋರಿಸಿ ಜನರನ್ನು ಕರೆಸಿಕೊಳ್ಳುವವರೂ ಇದ್ದಾರೆ. ಬಿಸಿಲಿನಲ್ಲಿ ಪಾರ್ಕಿಂಗ್ ಹುಡುಕಿ ಸುಸ್ತಾಗಿ ಬಂದವರು "ಅದು ನಿನ್ನೆಯಷ್ಟೇ ಹೋಯ್ತು" ಎಂಬ ಮಾತು ಕೇಳಿದ ಮೇಲೆ ಬೇರೆ ಗಾಡಿ ನೋಡುವುದಿಲ್ಲ, ಗೂಗಲ್ಲಿನಲ್ಲಿ ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ.