ರೀಸ್ಟಾರ್ಟ್ ಮಾಡುವ ಮೊದಲು ಕೇಳಿ...

ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ದೂರು, ‘ಸಾರ್, ಝಡ್ ಡ್ರೈವ್ ಹೋಯ್ತು!’ ಕಚೇರಿಗಳಲ್ಲಿ ಎಲ್ಲರ ಫೈಲುಗಳೂ ಸಾಮಾನ್ಯವಾಗಿ ಒಂದು ಸರ್ವರ್‌ನಲ್ಲಿರುತ್ತವೆ. ಅಲ್ಲಿನ ಫೋಲ್ಡರ್‌ಗೆ ಒಂದು ಅಕ್ಷರ ಕೊಟ್ಟು, ನಮ್ಮ ಕಂಪ್ಯೂಟರಿನದೇ ಡ್ರೈವ್ ಎಂಬಂತೆ ತೋರಿಸುವುದೇ ಮ್ಯಾಪಿಂಗ್. ಅದರ ಮೇಲೆ ಕೆಂಪು ಇಂಟು ಮಾರ್ಕ್ ಬಿತ್ತೆಂದರೆ ಸಂಬಳದ ಪಟ್ಟಿ, ಜಿಎಸ್‌ಟಿ ಲೆಕ್ಕ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ರೀಸ್ಟಾರ್ಟ್ ಮಾಡಿದರೆ ಸರಿಹೋಗಬಹುದು. ಆದರೆ ಕಾರಣ ಉಳಿದರೆ ನಾಳೆ ಮತ್ತೆ ಫೋನ್ ಬರುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಒಬ್ಬರಿಗೋ, ಎಲ್ಲರಿಗೋ? ಯಾವ ಹೊತ್ತಿನಲ್ಲಿ?

ಎಲ್ಲರಿಗೂ ಹೋಗಿದ್ದರೆ ಸರ್ವರ್ ಅಥವಾ ಸ್ವಿಚ್ ನೋಡಬೇಕು. ಒಬ್ಬರಿಗೆ ಮಾತ್ರವಾದರೆ ಹೊತ್ತೇ ಸುಳಿವು. ಸುಮ್ಮನಿದ್ದ ಸಂಪರ್ಕವನ್ನು ವಿಂಡೋಸ್ ಸರ್ವರ್ 15 ನಿಮಿಷಕ್ಕೆ ತಾನಾಗಿಯೇ ಕಡಿಯುತ್ತದೆ. ಕ್ಲಿಕ್ ಮಾಡಿದೊಡನೆ ತೆರೆದುಕೊಂಡರೆ ಅದು ದೋಷವಲ್ಲ. ಬೆಳಿಗ್ಗೆ ಲಾಗಿನ್ ಆದಾಗ ಮಾತ್ರ ಕಾಣದಿದ್ದರೆ, ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ವಿಂಡೋಸ್ ಡ್ರೈವ್ ಹುಡುಕಿರಬಹುದು. ನೆಟ್‌ವರ್ಕ್‌ಗಾಗಿ ಕಾಯುವಂತೆ ಗ್ರೂಪ್ ಪಾಲಿಸಿಯಲ್ಲಿ ಹೇಳಬಹುದು. ಪಾಸ್‌ವರ್ಡ್ ಬದಲಿಸಿದ ಮೇಲೆ ಶುರುವಾಗಿದ್ದರೆ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯದು ಕೂತಿದೆಯೇ ನೋಡಿ. ಐಪಿ ವಿಳಾಸಕ್ಕೆ ತೆರೆದು, ಸರ್ವರ್ ಹೆಸರಿಗೆ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನಪಡಿ.

ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಮೇಡಂ ಒಬ್ಬರಿದ್ದರು. ಊಟ ಮುಗಿಸಿ ಬಂದಾಗಲೆಲ್ಲ ಅವರ ಡ್ರೈವ್ ಮಾಯ. ತೆರೆದಿಟ್ಟಿದ್ದ ಎಕ್ಸೆಲ್ ಫೈಲ್ ಸೇವ್ ಆಗುತ್ತಿರಲಿಲ್ಲ. ‘ಮೇಡಂಗೆ ಕಂಪ್ಯೂಟರ್ ಬರಲ್ಲ, ಏನೋ ಒತ್ತಿಬಿಡ್ತಾರೆ’ ಎಂಬುದು ಉಳಿದವರ ತೀರ್ಪು. ಅವರೂ ಅದನ್ನೇ ನಂಬಿ ಕೀಬೋರ್ಡ್ ಮುಟ್ಟಲು ಹೆದರುತ್ತಿದ್ದರು. ನೋಡಿದರೆ, ಊಟದ ಹೊತ್ತಿಗೆ ಕಂಪ್ಯೂಟರ್ ನಿದ್ದೆಗೆ ಜಾರುತ್ತಿತ್ತು. ಎದ್ದಾಗ ನೆಟ್‌ವರ್ಕ್ ಕಾರ್ಡ್ ಸರಿಯಾಗಿ ಎಚ್ಚರಗೊಳ್ಳುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವಿದ್ಯುತ್ ಉಳಿಸಲು ಕಾರ್ಡ್ ಆರಿಸಬಹುದು ಎಂಬಲ್ಲಿದ್ದ ಟಿಕ್ ತೆಗೆದೆ. ಮರುದಿನದಿಂದ ದೂರು ಬರಲಿಲ್ಲ. ತಪ್ಪು ಅವರದಲ್ಲ ಎಂದು ಎಲ್ಲರೆದುರು ಹೇಳಿದ್ದು ಆ ಟಿಕ್‌ನಷ್ಟೇ ಮುಖ್ಯವಾದ ಕೆಲಸ ಎಂದು ನನಗನಿಸಿತು.

ಇನ್ನೊಂದು ವಿಷಯ. ಸಣ್ಣ ಕಚೇರಿಗಳಲ್ಲಿ ಸರ್ವರ್ ಬದಲು ಸಾಮಾನ್ಯ ವಿಂಡೋಸ್ 10 ಅಥವಾ 11 ಕಂಪ್ಯೂಟರ್‌ನಿಂದಲೇ ಫೋಲ್ಡರ್ ಹಂಚುತ್ತಾರೆ. ಅದಕ್ಕೆ ಏಕಕಾಲಕ್ಕೆ 20 ಸಂಪರ್ಕಗಳ ಮಿತಿಯಿದೆ. ಸಿಬ್ಬಂದಿ ಹೆಚ್ಚಿದಾಗ ಕೊನೆಗೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಇಂಥ ಪ್ರಶ್ನೆ ಸಂದರ್ಶನದಲ್ಲೂ ಎದುರಾಗಬಹುದು. ಪರಿಹಾರ ಬಾಯಿಪಾಠ ಹೇಳುವುದಕ್ಕಿಂತ, ಮೊದಲು ಏನು ಕೇಳುತ್ತೀರಿ, ಆಮೇಲೆ ಏನು ಪರೀಕ್ಷಿಸುತ್ತೀರಿ ಎಂದು ಕ್ರಮವಾಗಿ ಹೇಳಿ. ಅಭ್ಯಾಸಕ್ಕೆ ದುಬಾರಿ ಕೋರ್ಸ್ ಬೇಕಿಲ್ಲ. ಎರಡು ಹಳೆಯ ಲ್ಯಾಪ್‌ಟಾಪ್, ಒಂದು ವೈಫೈ ರೂಟರ್ ಸಾಕು. ಒಂದರ ಫೋಲ್ಡರನ್ನು ಇನ್ನೊಂದರಲ್ಲಿ ಮ್ಯಾಪ್ ಮಾಡಿ, ಬೇಕೆಂದೇ ಕೆಡಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಕೊಟ್ಟು ಸ್ಥಿತಿ ಏನೆಂದು ನೋಡಿ. ಕಂಡದ್ದನ್ನು ಸಮಯದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇಲ್ಲದ ದಿನವಿರಬಹುದು, ಆ ನೋಟ್‌ಬುಕ್ ಇಲ್ಲದ ದಿನವಿಲ್ಲ.